ಎಲೆಯ ಮುಂದೆ ಮಂಡಿಯೂರಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ವರ್ಮಾಂಟ್ ಗುಡ್ಡಗಳಲ್ಲಿ ಮೇಪಲ್ ಮರಗಳು ಕೆಂಪಾಗುತ್ತವೆ, ರಸ್ತೆಗಳು ಕಾರುಗಳಿಂದ ತುಂಬುತ್ತವೆ. ಎಲ್ಲರಿಗೂ ಫೋಟೋದಲ್ಲಿ ಇಡೀ ಗುಡ್ಡವೇ ಬೇಕು, ಅದರ ಮುಂದೆ ಹಲ್ಲು ಕಿರಿಯುವ ಸಂಸಾರವೂ ಬೇಕು. ಕ್ಯಾಮೆರಾ ಹಿಡಿದು ಒಂದೇ ಎಲೆಯ ಮುಂದೆ ಮಂಡಿಯೂರಿದವನನ್ನು ಕಂಡರೆ 'ಏನು ಕಳೆದುಕೊಂಡಿರಿ?' ಎಂಬ ವಿಚಾರಣೆ.

ಈ ಮಂಡಿಯೂರುವ ಮಂದಿಗೆ ಹಿರಿಯರು ಎಲಿಯಟ್ ಪೋರ್ಟರ್. ವೈದ್ಯಕೀಯ ಓದಿ, ಹಾರ್ವರ್ಡ್‌ನ ಕೆಲಸ ಬಿಟ್ಟು ಕ್ಯಾಮೆರಾ ಹಿಡಿದ ಪುಣ್ಯಾತ್ಮರು. 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ವರ್ಣಛಾಯಾಚಿತ್ರಗಳ ಪ್ರದರ್ಶನವನ್ನೇ ಇಟ್ಟಿತು.

ಈ ಕಸುಬಿನಲ್ಲಿ ಬಿಸಿಲು ವೈರಿ, ಮೋಡ ನೆಂಟ. ಮಳೆ ನಿಂತ ಮೇಲಂತೂ ಹಬ್ಬ. ಒದ್ದೆ ಎಲೆ ಮಿಂಚಿ ಬಣ್ಣ ಮರೆಸಿದರೆ ಲೆನ್ಸಿನ ಮುಂದಿನ ಪೋಲರೈಸರ್ ಫಿಲ್ಟರ್ ತಿರುಗಿಸಿ. ಮಿಂಚು ಇಳಿದು ಕೆಂಪು ಮೇಲೇಳುತ್ತದೆ. ಹುಲ್ಲಿನದು ಬೇರೆಯೇ ತಕರಾರು. ಫೋಕಸ್ ಮಾಡುವವರೆಗೂ ಧ್ಯಾನ, ಬಟನ್ ಒತ್ತುವ ಹೊತ್ತಿಗೆ ಗಾಳಿಗೆ ಮದುವೆಮನೆ ಮಕ್ಕಳಂತೆ ಕುಣಿತ! ಶಟರ್ ವೇಗ ಹೆಚ್ಚಿಸಿ, ಇಲ್ಲವೇ ನಿಧಾನದ ಶಟರಿನಲ್ಲಿ ಆ ಕುಣಿತವನ್ನೇ ಹಿಡಿದು 'ಕಲೆ' ಅಂದುಬಿಡಿ.

ಕೆಲವರು ಚೆಂದದ ಎಲೆ ಹೆಕ್ಕಿ ತಂದು ಪಾಚಿಯ ಮೇಲೆ ಸಿಂಗರಿಸಿ ಇಡುತ್ತಾರೆ. ಎಲೆಗೆ ಬೀಳುವುದನ್ನೂ ನಾವೇ ಕಲಿಸಬೇಕೆ? ಅದು ಬೇಡ. ಚೌಕಟ್ಟಿನ ಅಂಚಿನಲ್ಲಿ ಇಣುಕುವ ಒಣಕಡ್ಡಿಯನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.