ರಸಮಟ್ಟದ ಗುಳ್ಳೆ
ಗುಂಡ್ಲುಪೇಟೆಯ ನಮ್ಮ ಹಿತ್ತಿಲಲ್ಲಿ ಸಂಜೆ ಕಾಫಿಗೆ ನಾಲ್ಕು ಕುರ್ಚಿ ಹಿಡಿಸುವಷ್ಟು ಕಲ್ಲು ಹಾಸೋಣವೆಂದು ಹೊರಟೆ. ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಜಪಾನಿನವರೆಗೂ ಹೋಗುತ್ತದೆ. ನನಗೆ ಸಿಕ್ಕಿದ್ದು ಹಡಗು ತಪ್ಪಿಸಿಕೊಂಡ ಮೂಲೆಮುರುಕು ತುಂಡುಗಳು. ಅರ್ಧ ಅಡಿ ಅಗೆದು, ಜಲ್ಲಿ ಸುರಿದು, ದಿಮ್ಮಸು ಹೊಡೆದೆ. ನೆಲಕ್ಕಿಂತ ಮೊದಲು ನನ್ನ ಸೊಂಟ ಮಟ್ಟವಾಯಿತು.

“10 ಅಡಿಗೆ ಒಂದೂವರೆ ಇಂಚು ವಾಟ ಕೊಡಿ ಸಾ” ಎಂದರು ಮೇಸ್ತ್ರಿ. ಬಿ.ಎಸ್ಸಿ. ಓದಿದ ನನಗೆ ವಾಟದ ಪಾಠವೇ? ರಸಮಟ್ಟದ ಗುಳ್ಳೆ ನಡುಮಧ್ಯೆ ಬಂದು ಕೂರುವವರೆಗೂ ಬಿಡಲಿಲ್ಲ. ಮೊದಲ ಮಳೆಯ ನೀರೂ ಹಾಗೆಯೇ ನಡುಮಧ್ಯೆ ಬಂದು ಕೂತಿತು, ವಾರವಾದರೂ ಏಳಲಿಲ್ಲ.

ಈಗ ಗೋಪಾಲಸ್ವಾಮಿ ಬೆಟ್ಟದ ಕಡೆ ಮೋಡ ಕಂಡರೆ ಹೆಂಡತಿ ಕುರ್ಚಿ ಒಳಗೆ ತರುತ್ತಾಳೆ. ಬೀದಿಯಲ್ಲಿ ಮೇಸ್ತ್ರಿ ಕಂಡರೆ ನಾನೇ ಒಳಗೆ ಹೋಗುತ್ತೇನೆ.