ಎಲ್ಲಾ ಕುಕ್ಕರ್‌ಗೂ ಆಗುವ ಗ್ಯಾಸ್ಕೆಟ್

ಚೆನ್ನೈ ಪಕ್ಕದ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಸಿಗದ ಹಳೇ ಸಾಮಾನಿಲ್ಲ. ಮುಳ್ಳಿಲ್ಲದ ಗಡಿಯಾರ, ಗಡಿಯಾರವಿಲ್ಲದ ಮುಳ್ಳು, ಕಾಲು ಕಳೆದುಕೊಂಡ ಕುರ್ಚಿ. ಕಳೆದ ವಾರ ಕುಕ್ಕರ್‌ಗೆ ಗ್ಯಾಸ್ಕೆಟ್ ಕೇಳಿದೆ. ಯಾವ ಕಂಪನಿ, ಎಷ್ಟು ಲೀಟರು ಎಂದು ವ್ಯಾಪಾರಿ ವಿಚಾರಿಸಲೇ ಇಲ್ಲ. ‘ಎಲ್ಲಾ ಕುಕ್ಕರ್‌ಗೂ ಆಗುತ್ತೆ ಸಾರ್’ ಎಂದ. ಇಂಥ ಧೈರ್ಯವನ್ನು ನಾನು ಹಿಂದೆ ಕಂಡದ್ದು ಅಮೆರಿಕದ ಉಪಾಧ್ಯಕ್ಷರೊಬ್ಬರಲ್ಲಿ ಮಾತ್ರ.

2005ರ ಮೇ 30ರಂದು ಡಿಕ್ ಚೇನಿ ಟೀವಿಯಲ್ಲಿ ಕೂತು, ಇರಾಕಿನ ಬಂಡಾಯ ಕೊನೆಯುಸಿರು ಎಳೆಯುತ್ತಿದೆ ಎಂದರು. ಉಸಿರು ನಿಲ್ಲಲಿಲ್ಲ. ಜೂನ್‌ನಲ್ಲಿ ಸಮಜಾಯಿಷಿ ಬಂತು: ಎರಡನೇ ಮಹಾಯುದ್ಧ ನೋಡಿ, 1944ರ ಡಿಸೆಂಬರಿನ ಬಲ್ಜ್ ಕದನ, 1945ರ ಓಕಿನಾವಾ. ಘೋರ ಕಾದಾಟವೆಲ್ಲ ನಡೆದದ್ದು ಯುದ್ಧ ಮುಗಿಯುವ ಕೆಲವೇ ತಿಂಗಳ ಮೊದಲು! ಅಂದರೆ ಹೆಣ ಹೆಚ್ಚಿದಷ್ಟೂ ಗೆಲುವು ಹತ್ತಿರ. ಕಡಿಮೆಯಾದರೆ? ಗೆಲುವು ಬಂದೇಬಿಟ್ಟಿತಲ್ಲ.

ಬಲ್ಜ್‌ನಲ್ಲಿ ಹಿಟ್ಲರನ ಟ್ಯಾಂಕುಗಳು ಪೆಟ್ರೋಲಿಲ್ಲದೆ ನಿಂತವು. ರಸ್ತೆ ಬದಿ ಬಾಂಬು ಹೂತಿಟ್ಟು ಮನೆಗೆ ಹೋಗಿ ಉಣ್ಣುವವನಿಗೆ ಪೆಟ್ರೋಲು ಯಾತಕ್ಕೆ? ಅದೂ ಇರಾಕಿನಲ್ಲಿ! ಬರ್ಲಿನ್ನಿನಲ್ಲಿ ಶರಣಾಗತಿಗೆ ರುಜು ಹಾಕಲು ಒಬ್ಬ ಸೇನಾಪತಿಯಾದರೂ ಸಿಕ್ಕಿದ. ಬಂಡಾಯದ ಪರವಾಗಿ ರುಜು ಹಾಕುವವರು ಯಾವ ವಿಳಾಸದಲ್ಲಿರುತ್ತಾರೆ? ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಇನ್ನೂ ಜಾಣರು, ‘ಬಂಡಾಯ’ ಎಂಬ ಪದವೇ ಬೇಡ ಎಂದರು. ಕಾಯಿಲೆಯ ಹೆಸರು ಹೇಳದಿದ್ದರೆ ರೋಗಿ ಎದ್ದು ಓಡಾಡುತ್ತಾನೆಂದು ನಂಬುವ ನಮ್ಮ ಅಜ್ಜಿಯ ಗುಂಪಿನವರು.

2006ರಲ್ಲಿ ಅಧ್ಯಕ್ಷ ಬುಷ್ ಸ್ಟಾಕು ಬದಲಿಸಿದರು. ವಿಯೆಟ್ನಾಮಿನ ಟೆಟ್ ದಾಳಿಗೆ ಹೋಲಿಸಿದರೆ ಸರಿಯಿದ್ದೀತು ಎಂದರು. 1968ರ ಜನವರಿ ಕೊನೆಗೆ ನೂರಕ್ಕೂ ಹೆಚ್ಚು ಊರುಗಳ ಮೇಲೆ ಒಮ್ಮೆಲೇ ಬಿದ್ದವರು ರಣರಂಗದಲ್ಲಿ ಸೋತರು. ಆದರೆ ಎರಡೇ ತಿಂಗಳಿಗೆ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದದ್ದು ಅಧ್ಯಕ್ಷ ಜಾನ್ಸನ್. ಬುಷ್‌ಗೆ ಆ ಭಯವಿರಲಿಲ್ಲ, ಮೂರನೇ ಸಲ ನಿಲ್ಲಲು ಕಾನೂನೇ ಬಿಡುತ್ತಿರಲಿಲ್ಲ. ಕೊನೆಯ ಅಮೆರಿಕನ್ ಪಡೆ ಇರಾಕ್ ಬಿಟ್ಟದ್ದು 2011ರ ಡಿಸೆಂಬರಿನಲ್ಲಿ. ಉಸಿರು ಸಾಕಷ್ಟು ಉದ್ದವಿತ್ತು.

ನಾವೇನು ಕಡಿಮೆ? ‘ಟೆಟ್ ಎಲ್ಲ ನಮ್ಮ ಹೈದರಾಲಿಯ ಕಾಪಿ’ ಎನ್ನುವ ಕನ್ನಡ ಸೇನಾಪತಿಗಳು ನನ್ನ ವಾಟ್ಸಾಪಿನಲ್ಲೂ ಇದ್ದಾರೆ. 1769ರ ಮಾರ್ಚಿನಲ್ಲಿ ಹೈದರ್ ಆರು ಸಾವಿರ ಕುದುರೆಯೊಡನೆ ಮೂರೂವರೆ ದಿನದಲ್ಲಿ ನೂರಮೂವತ್ತು ಮೈಲಿ ಓಡಿ, ಇಲ್ಲೇ ಪಕ್ಕದ ಪರಂಗಿಮಲೆಯ ಬಳಿ ಬಂದು ನಿಂತದ್ದು ನಿಜ. ಆದರೆ ಅವನಿಗೆ ಶ್ರೀರಂಗಪಟ್ಟಣವಿತ್ತು, ಫಿರಂಗಿಯಿತ್ತು, ಖಜಾನೆಯಿತ್ತು. ಆಡಳಿತಗಾರನನ್ನು ಬಂಡಾಯಗಾರ ಮಾಡುವುದು ಅಭಿಮಾನವೋ ಹಿಂಬಡ್ತಿಯೋ ತಿಳಿಯದು. ಬ್ರಿಟಿಷರ ಮದ್ರಾಸ್ ಕೌನ್ಸಿಲ್‌ನಲ್ಲಿ ಚೇನಿ ಕೂತಿದ್ದರೆ ‘ಕುದುರೆಗಳು ಏದುಸಿರು ಬಿಡುತ್ತಿವೆ, ಇದು ಕೊನೆಯುಸಿರು’ ಎನ್ನುತ್ತಿದ್ದರು. ಅಲ್ಲಿದ್ದವರು ಏಪ್ರಿಲ್‌ನಲ್ಲಿ ತೆಪ್ಪಗೆ ಒಪ್ಪಂದಕ್ಕೆ ರುಜು ಹಾಕಿದರು. ಮರಾಠರು ಮೈಸೂರಿನ ಮೇಲೆ ಬಂದಾಗ, ಕಷ್ಟಕ್ಕಾಗುತ್ತೇವೆ ಎಂಬ ಷರತ್ತನ್ನು ಮರೆತೂಬಿಟ್ಟರು.

ಅಂದಹಾಗೆ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದೇ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿ ಹೆಕ್ಕಿದ್ದೂ ಒಂದು ಮೇ 30ರಂದೇ, 1863ರಲ್ಲಿ. ಆ ಕೊಡಲಿ ಹಿಡಿದಿದ್ದವನು ಪುಣ್ಯವಂತ. ಹೋಲಿಸಿಕೊಳ್ಳಲು ಅವನ ಹಿಂದೆ ಯಾವ ಮಹಾಯುದ್ಧವೂ ಇರಲಿಲ್ಲ.

ಗ್ಯಾಸ್ಕೆಟ್ ನನ್ನ ಕುಕ್ಕರ್‌ಗೆ ಕೂರಲಿಲ್ಲ. ಬೇಳೆ ಗೋಡೆಗೆ ಹಾರಿತು. ವಾಪಸು ಒಯ್ದರೆ ವ್ಯಾಪಾರಿ, ‘ಗ್ಯಾಸ್ಕೆಟ್ ಸರಿಯಾಗೇ ಇದೆ, ಕುಕ್ಕರ್ ಬದಲಿಸಿ’ ಎಂದ.