ಹನ್ನೆರಡು ನಿವರ್ತನ ಬೆಳಕು

ಮನಗೂಳಿ ಸೀಮೆಯ ಒಂದು ಸರ್ಕಾರಿ ಹೈಸ್ಕೂಲು. ಊರ ಹೆಸರು ಬೇಡ. ಹೆಡ್‌ಮಾಸ್ತರರು ಸಂಭಾವಿತರು, ಪಿಂಚಣಿಗೆ ಇನ್ನೆರಡೇ ವರ್ಷ. ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವ ಮೊದಲು ಅವರು ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಒಳಗೆ ಹತ್ತು ಕಂಪ್ಯೂಟರು, ಹತ್ತಕ್ಕೂ ಹೂವಿನ ಚಿತ್ತಾರದ ಚಾದರು ಹೊದಿಸಿದ್ದರು. ಒಂದರ ಮುಸುಕು ಸರಿಸಿದೆ. ಮಾನಿಟರಿನ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಕೀಬೋರ್ಡಿನ ಮೇಲೆ ಒಣಗಿ ಕರ್ರಗಾದ ಲಿಂಬೆಹಣ್ಣು. ಹೋದ ಆಯುಧಪೂಜೆಯದಂತೆ. ವರ್ಷಕ್ಕೊಮ್ಮೆ ಬಾಗಿಲು ತೆರೆದು ಮತ್ತೆ ಮುಚ್ಚುವುದು ಹಾಸನಾಂಬೆಯ ಪದ್ಧತಿ. ಅಲ್ಲಿ ದೀಪವಾದರೂ ವರ್ಷವಿಡೀ ಆರುವುದಿಲ್ಲ ಅನ್ನುತ್ತಾರೆ. ಇಲ್ಲಿ ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿದೆ.

"ಹುಡುಗರು ಕೂಡೂದಿಲ್ಲೇನ್ರೀ ಸರ?"

"ಕೂತ್ರ ಕೆಡ್ತಾವ್ರೀ. ಕೆಟ್ರ ರಿಪೇರಿ ರೊಕ್ಕ ಯಾರ ಕೊಡ್ತಾರ? ನಾ ರಿಟೈರ್ ಆಗೂಮುಂದ ಹತ್ತಕ್ಕ ಹತ್ತೂ ಎಣಿಸಿ ಚಾರ್ಜ್ ಕೊಡಬೇಕಲ್ರೀ."

ಎಣಿಸಿ ಕೊಡಬೇಕು, ಸರಿ. ನಡೆಸಿ ತೋರಿಸಬೇಕು ಅಂತ ಯಾರೂ ಕೇಳುವುದಿಲ್ಲ. ಕಂಪ್ಯೂಟರು ಬಂದ ದಿನವೇ ಅದನ್ನು ಬರೆದಿಡುವ ಪುಸ್ತಕದ ಹೆಸರು ಡೆಡ್ ಸ್ಟಾಕ್ ರಜಿಸ್ಟರು. ನಮ್ಮ ಇಲಾಖೆಗಳಲ್ಲಿ ಇಷ್ಟು ಸತ್ಯ ನುಡಿಯುವ ಪುಸ್ತಕ ಇನ್ನೊಂದಿಲ್ಲ.

ಹಾಗಂತ ಸರ್ಕಾರ ಕೈ ಕಟ್ಟಿ ಕೂತಿಲ್ಲ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸಲೆಂದು 2001ರ ಹೊತ್ತಿಗೆ ಮಾಹಿತಿ ಸಿಂಧು ಯೋಜನೆ ಬಂತು. 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ, 2016ರ ಸುಮಾರಿಗೆ ಟಾಲ್ಪ್. ಪ್ರತಿ ಸಲ ಹೊಸ ಹೆಸರು, ಹೊಸ ರಿಬ್ಬನ್ನು. ಈಗ ಸಮಗ್ರ ಶಿಕ್ಷಣದ ಲೆಕ್ಕ ನೋಡಿ: ಒಂದು ಲ್ಯಾಬಿಗೆ ಒಮ್ಮೆಗೆ 6.40 ಲಕ್ಷದವರೆಗೆ, ಆಮೇಲೆ ನಡೆಸಲು ವರ್ಷಕ್ಕೆ 2.40 ಲಕ್ಷದವರೆಗೆ, 5 ವರ್ಷ. ತಿಂಗಳಿಗೆ 20 ಸಾವಿರ ಆಯಿತು. ಅದರಲ್ಲೇ ಕಲಿಸುವವನ ಪಗಾರ, ಅದರಲ್ಲೇ ಇಂಟರ್‌ನೆಟ್ಟು, ಅದರಲ್ಲೇ ಕಾಗದ, ಶಾಯಿ, ರಿಪೇರಿ. ಆರನೇ ವರ್ಷ ಎಂಟನೇತ್ತೆಗೆ ಬಂದ ಹುಡುಗಿಗೆ ಏನು? ಅದು ಅವಳ ಹಣೆಬರಹ. ಅವಳು ಪಟ್ಟಿಯಲ್ಲಿ ಮಾನಿಟರಿನ ಚಿತ್ರ ಬರೆದು ಬಾಣ ಹಾಕಿ ಭಾಗಗಳನ್ನು ಗುರುತಿಸುತ್ತಾಳೆ. ಸ್ಕಾಲರ್‌ಶಿಪ್ ಅರ್ಜಿ ತುಂಬಲು ಬಸ್‌ಸ್ಟ್ಯಾಂಡಿನ ಆನ್‌ಲೈನ್ ಸೆಂಟರಿಗೆ ಹೋಗಿ ಐವತ್ತು ರೂಪಾಯಿ ಕೊಟ್ಟು ಬರುತ್ತಾಳೆ. ಸರ್ಕಾರದ ದುಡ್ಡು ಪಡೆಯಲು ಅಪ್ಪನ ದುಡ್ಡು.

ಕರೆಂಟಿನ ಕೊರತೆ ಅನ್ನಲಿಕ್ಕೂ ಬಾಯಿಲ್ಲ. ನಮ್ಮದೇ ಸೀಮೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರ ನಿಂತಿದೆ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಪುಕ್ಕಟೆ ಅಂತ ಮುಖ್ಯಮಂತ್ರಿಗಳೇ ಘೋಷಿಸಿದರು. ಚಾದರು ಹೊದ್ದು ಮಲಗಿದ ಕಂಪ್ಯೂಟರಿಗೆ ಕರೆಂಟು ಪುಕ್ಕಟೆಯಾದರೇನು, ದುಬಾರಿಯಾದರೇನು?

ಈಗ ಇಂಡಿ ತಾಲೂಕಿನ ಸಾಲೋಟಗಿಗೆ ಬನ್ನಿ. ಇಸವಿ 945. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಎಂಬಾತ ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ಕಲ್ಲುಕಂಬದಲ್ಲಿ ಲೆಕ್ಕವೆಲ್ಲ ಕೊರೆದಿದೆ. ವಿದ್ಯಾರ್ಥಿಗಳಿಗೆ 27 ಮನೆ. ಕಲಿಸುವವನಿಗೆ 50 ನಿವರ್ತನ ಭೂಮಿ, ಇರಲೊಂದು ಮನೆ. ದೀಪಕ್ಕೆಂದೇ ಬೇರೆ 12 ನಿವರ್ತನ. ದೀಪದ ಕಂಬ ಕೊಟ್ಟು ಕೈ ತೊಳೆದುಕೊಂಡವರಲ್ಲ ಅವರು, ಎಣ್ಣೆಗೂ ಹೊಲ ಬಿಟ್ಟರು. ಸಾಲದ್ದಕ್ಕೆ ಊರಲ್ಲಿ ಮದುವೆಯಾದರೆ 5 ನಾಣ್ಯ, ಮುಂಜಿಯಾದರೆ ಅದರರ್ಧ ಶಾಲೆಗೆ ಸಲ್ಲಬೇಕು. ಆ ಕಾಲದ ದಾನಪತ್ರಗಳ ಅವಧಿ ಸೂರ್ಯ ಚಂದ್ರರಿರುವ ತನಕ. ನಮ್ಮದು ಟೆಂಡರ್ ಮುಗಿಯುವ ತನಕ.

ಹಾಡಿ ಹೊಗಳಬೇಕಾಗಿಲ್ಲ. ಆ ಶಾಲೆಗೆ ಬ್ರಾಹ್ಮಣರ ಮಕ್ಕಳಿಗಷ್ಟೇ ಪ್ರವೇಶ, ನನ್ನ ಅಜ್ಜನ ಅಜ್ಜ ಹೋಗಿದ್ದರೆ ಹೊಸ್ತಿಲ ಹೊರಗೇ ನಿಲ್ಲಬೇಕಿತ್ತು. ಇವತ್ತಿನ ಲ್ಯಾಬಿಗೆ ಯಾವ ಜಾತಿಯ ಮಕ್ಕಳಿಗೂ ಪ್ರವೇಶವಿಲ್ಲ. ಸಮಾನತೆ ಬಂದಿದೆ.

ಸಾಲೋಟಗಿಯ ಮದುವೆ ಕಾಣಿಕೆಯಂಥದ್ದು ನಮ್ಮಲ್ಲೂ ಒಂದಿದೆ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಕಟ್ಟಿದ್ದು ಸ್ಥಳೀಯ ಸಂಸ್ಥೆಯ ಗಲ್ಲೆಗೆ ಬೀಳುತ್ತದೆ. ಅಲ್ಲಿಂದ ಗ್ರಂಥಾಲಯಕ್ಕೆ ಮುಟ್ಟುವುದು ಎಷ್ಟೋ ಕಡೆ ವರ್ಷಗಟ್ಟಲೆ ಬಾಕಿ. 2020ರಲ್ಲಿ ಡಿಜಿಟಲ್ ಗ್ರಂಥಾಲಯವೂ ಬಂತು, ಪುಸ್ತಕವೆಲ್ಲ ಮೊಬೈಲಿನಲ್ಲೇ. ಬಾಕಿ ಮಾತ್ರ ಇನ್ನೂ ಕಾಗದದ ಮೇಲಿದೆ.

ಇದನ್ನೆಲ್ಲ ಹೆಡ್‌ಮಾಸ್ತರರಿಗೆ ಹೇಳಿದೆ. ಅವರ ಮುಖ ಅರಳಿತು. ನಾನು ಇನ್ನಷ್ಟು ಹುರುಪಿನಿಂದ, "ಸರ, ಈ ಊರಾಗ ಒಂದ ಮದುವಿ ಡಾಲ್ಬಿಗೆ ಎಷ್ಟ ಸುರೀತಾರ? ಮದುವಿಗೆ ಐದನೂರರಂತೆ ಶಾಲಿಗೆ ಕೊಡ್ರಿ ಅಂದ್ರ ಒಂದ ಸುಗ್ಗ್ಯಾಗ ಬ್ಯಾಟರಿ ಬರ್ತಾವು, ಕಲಿಸಾಕ ಒಬ್ಬ ಹುಡುಗನೂ ಸಿಗ್ತಾನ" ಅಂದೆ.

ಅವರು ಚಾದರಿನ ಅಂಚು ಎಳೆದು ಮಾನಿಟರಿನ ಮುಖ ಮುಚ್ಚಿದರು. ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದರು.

"ವಿಚಾರ ಛಲೋ ಅದ ರೀ. ಆದ್ರ ಆ ರೊಕ್ಕಾ ಯಾವ ಹೆಡ್ಡಿಗೆ ಜಮಾ ಮಾಡೂದು?"

ಆಫೀಸಿಗೆ ಹೋಗಿ ಬಿಇಒ ಸಾಹೇಬರಿಗೆ ಅದನ್ನೇ ಕೇಳಿ ಒಂದು ಪತ್ರ ಬರೆಯಲು ಕೂತರು. ಪೆನ್ನಿನಿಂದ, ಕಾರ್ಬನ್ ಇಟ್ಟು, ಮೂರು ಪ್ರತಿ.